ಇಲಿ ಲಿವರ್‌ನಲ್ಲಿ ಸಿವೈಪಿ3ಎ4 ಬ್ಯಾಂಡು: ಆಂಟಿಬಾಡಿ ಹಾಳಾಗಿದ್ಯಾ, ಪ್ರಯೋಗ ತಪ್ಪಾಗಿದ್ಯಾ?

ಪ್ರಶ್ನೆ: ನಾನು ಶಿರಸಿ ಹತ್ರದವಳು ಸರ್, ಫಾರ್ಮಕಾಲಜಿಲಿ ಪಿಎಚ್‌ಡಿ ಮಾಡ್ತಾ ಇದ್ದೇನೆ. ನಮ್ಮ ತೋಟದ ಕಾಳುಮೆಣಸಿನ ಎಕ್ಸ್‌ಟ್ರಾಕ್ಟು ಲಿವರ್‌ನ ಔಷಧಿಗಳನ್ನ ಒಡೆಯೋ ಸಿವೈಪಿ3ಎ4 ಎಂಜೈಮನ್ನ ತಡೀತದಾ ಅಂತ ನೋಡೋದು ನನ್ನ ಕೆಲಸ. ವಿಸ್ಟರ್ ತಳಿಯ ಇಲಿಗಳಿಗೆ ಏಳು ದಿನ ಎಕ್ಸ್‌ಟ್ರಾಕ್ಟ್ ಕುಡಿಸಿದೆ, ಇನ್ನೊಂದು ಗುಂಪಿಗೆ ಪಾಸಿಟಿವ್ ಕಂಟ್ರೋಲ್ ಅಂತ ಈ ಎಂಜೈಮ್ ಜಾಸ್ತಿ ಮಾಡೋ ಟಿಬಿ ಔಷಧಿ ರಿಫಾಂಪಿಸಿನ್ ಕೊಟ್ಟೆ, ಆಮೇಲೆ ಲಿವರ್ ಮೈಕ್ರೋಸೋಮ್ (ಈ ಎಂಜೈಮ್ ಇರೋ ಪೊರೆಯ ಚೂರುಗಳು) ಮಾಡಿ ವೆಸ್ಟರ್ನ್ ಬ್ಲಾಟ್ ಹಾಕಿದೆ, ಅಂದ್ರೆ ಪ್ರೋಟೀನುಗಳನ್ನ ಜೆಲ್ಲಲ್ಲಿ ಗಾತ್ರದ ಪ್ರಕಾರ ಬೇರೆ ಮಾಡಿ, ಮೆಂಬ್ರೇನಿಗೆ ಇಳಿಸಿ, ಆಂಟಿಬಾಡಿಯಿಂದ ಗುರುತಿಸಿದೆ. ಆಂಟಿಬಾಡಿ ಮನುಷ್ಯರ ಸಿವೈಪಿ3ಎ4ಗೆ ಮಾಡಿದ ಮೌಸ್ (ಚಿಕ್ಕ ಜಾತಿಯ ಇಲಿ) ಮೊನೊಕ್ಲೋನಲ್, ಸುಮಾರು ನಲ್ವತ್ತು ಸಾವಿರ ಕೊಟ್ಟು ತರಿಸಿದ್ದು. ಪ್ರೋಟೀನಿನ ತೂಕದ ಲೆಕ್ಕದಲ್ಲಿ 50 ಕಿಲೋಡಾಲ್ಟನ್ ಹತ್ರ ಒಂದು, 55ರ ಹತ್ರ ಒಂದು ಹೀಗೆ ಎರಡು ಬ್ಯಾಂಡ್ ಬರ್ತದೆ. ರಿಫಾಂಪಿಸಿನ್ ಗುಂಪಲ್ಲಿ ಜಾಸ್ತಿ ಆಗಿಲ್ಲ, ಮೆಣಸಿನ ಗುಂಪಲ್ಲಿ ಕಮ್ಮಿನೂ ಆಗಿಲ್ಲ. ಮಳೆಗಾಲದಲ್ಲಿ ಒಂದಿಡೀ ರಾತ್ರಿ ಕರೆಂಟಿಲ್ಲದೆ ಫ್ರೀಜರ್ ಬಂದ್ ಆಗಿತ್ತು. ಆಂಟಿಬಾಡಿ ಹಾಳಾಗಿದ್ಯಾ? ಬೇರೆ ಕಂಪನಿದು ತರಿಸಲಾ?

ಉತ್ತರ: ಸದ್ಯಕ್ಕೆ ಎಂತದ್ದೂ ತರಿಸ್ಬೇಡಿ. ಆಂಟಿಬಾಡಿ ಹಾಳಾದ್ರೆ ಬ್ಯಾಂಡ್ ಮಸುಕಾಗ್ತದೆ, ಇಲ್ಲ ಬರೋದೇ ಇಲ್ಲ, ಮೆಂಬ್ರೇನ್ ತುಂಬ ಕಲೆ ಕಲೆ ಆಗ್ತದೆ. ನಿಮ್ಮದ್ರಲ್ಲಿ ಎರಡು ಬ್ಯಾಂಡ್ ಸ್ಪಷ್ಟ ಬಂದಿದೆ, ಎಲ್ಲಾ ಗುಂಪಲ್ಲೂ ಒಂದೇ ಥರ ಬಂದಿದೆ ಅಂತ ನೀವೇ ಹೇಳ್ತಾ ಇದ್ದೀರಿ. ಅಂದ್ರೆ ಆಂಟಿಬಾಡಿ ಯಾವುದನ್ನೋ ಹಿಡೀತಾ ಇದೆ, ಚೆನ್ನಾಗಿಯೇ ಹಿಡೀತಾ ಇದೆ, ಆದ್ರೆ ಅದು ಹಿಡೀತಾ ಇರೋದು ಎಂತದ್ದು ಮತ್ತು ನೀವು ಅದರಿಂದ ತಿಳ್ಕೋಬೇಕು ಅಂತಿರೋದು ಎಂತದ್ದು, ಇವೆರಡಕ್ಕೂ ಮಧ್ಯೆ ಒಂದು ಘಟ್ಟದಷ್ಟು ಅಂತರ ಉಂಟು.

ಶುರು ಇಲಿಯಿಂದ್ಲೇ ಮಾಡುವ. ಇಲಿಗೆ ಸಿವೈಪಿ3ಎ4 ಅನ್ನೋ ಎಂಜೈಮ್ ಇಲ್ಲ. ಮನುಷ್ಯರಲ್ಲಿ 3ಎ ಕುಟುಂಬದಲ್ಲಿ ನಾಲ್ಕು ಜನ ಇದ್ದಾರೆ, 3ಎ4, 3ಎ5, 3ಎ7, 3ಎ43, ನಾಲ್ಕೂ 7ನೇ ಕ್ರೋಮೋಸೋಮಿನಲ್ಲಿ ಒತ್ತೊತ್ತಾಗಿ ಕೂತಿದಾವೆ. ಇಲಿಲಿ ಅದೇ ಕುಟುಂಬದ ಬೇರೆ ಶಾಖೆ, 3ಎ1 (ಕೆಲವರು ಇದನ್ನ 3ಎ23 ಅಂತಾನೂ ಬರೀತಾರೆ), 3ಎ2, 3ಎ9, 3ಎ18, 3ಎ62. ಕೆಲಸದಲ್ಲಿ ಹೋಲಿಕೆ ಉಂಟು, ಆದ್ರೆ ಅಮೈನೋ ಆಸಿಡ್ ಸಾಲು ಬೇರೆ. ನಿಮ್ಮ ಮೊನೊಕ್ಲೋನಲ್ ಗುರುತಿಸೋದು ಮನುಷ್ಯರ ಪ್ರೋಟೀನಿನ ಒಂದೇ ಒಂದು ಸಣ್ಣ ತುಣುಕು, ಅದನ್ನೇ ಎಪಿಟೋಪ್ ಅನ್ನೋದು. ಆ ತುಣುಕು ಇಲಿಯ 3ಎ2ನಲ್ಲೋ 3ಎ1ನಲ್ಲೋ ಹಾಗೇ ಉಳಿದಿದ್ರೆ ಬ್ಯಾಂಡ್ ಬರ್ತದೆ, ಒಂದೆರಡು ಅಕ್ಷರ ಬದಲಾಗಿದ್ರೆ ಇಲ್ಲ. ಹಾಗಾಗಿ ನಿಮ್ಮ ಬ್ಲಾಟಿನಲ್ಲಿ ಕಾಣೋದನ್ನ ಥೀಸಿಸಿನಲ್ಲಿ ಸಿವೈಪಿ3ಎ4 ಅಂತ ಬರೆದ್ರೆ ವೈವಾಕ್ಕೆ ಬಂದ ಎಕ್ಸಾಮಿನರ್ ಅಲ್ಲೇ ಹಿಡೀತಾರೆ, ಹಿಡೀಲೂಬೇಕು. "ಆಂಟಿಬಾಡಿಗೆ ಸ್ಪಂದಿಸುವ ಸಿವೈಪಿ3ಎ ಪ್ರೋಟೀನ್" ಅಂತ ಬರೀರಿ, ಅದೂ ಮುಂದೆ ಹೇಳೋ ಕಂಟ್ರೋಲ್‌ಗಳೆಲ್ಲ ಸರಿ ಬಂದಮೇಲೆ.

ಡೇಟಾಶೀಟ್ ತೆಗೆದು ಮತ್ತೊಮ್ಮೆ ನೋಡಿ. ಇಮ್ಯುನೋಜೆನ್ (ಆಂಟಿಬಾಡಿ ಹುಟ್ಟಿಸೋಕೆ ಚುಚ್ಚಿದ್ದು) ಎಂತ, ಪ್ರೋಟೀನಿನ ಯಾವ ಭಾಗದ ಪೆಪ್ಟೈಡ್, ಇಲಿಲಿ ಟೆಸ್ಟ್ ಮಾಡಿದ್ದಾರಾ ಇಲ್ಲ "ಪ್ರೆಡಿಕ್ಟೆಡ್" ಅಂತ ಮಾತ್ರ ಬರೆದಿದ್ದಾರಾ. ಪ್ರೆಡಿಕ್ಟೆಡ್ ಅಂದ್ರೆ ಕಂಪ್ಯೂಟರಲ್ಲಿ ಸಾಲು ಹೋಲಿಸಿ ನೋಡಿದ್ದು, ಲ್ಯಾಬಲ್ಲಿ ಯಾರೂ ಕೈಯಿಟ್ಟು ನೋಡಿದ್ದಲ್ಲ. ಇನ್ನೊಂದು ನೋಡ್ಬೇಕಾದ್ದು 3ಎ4, 3ಎ5, 3ಎ7 ಮೂರನ್ನೂ ಅಕ್ಕಪಕ್ಕ ಓಡಿಸಿದ ಬ್ಲಾಟ್ ಕೊಟ್ಟಿದ್ದಾರಾ ಅನ್ನೋದು. 3ಎ4 ಮತ್ತು 3ಎ5 ಮಧ್ಯೆ ನೂರಕ್ಕೆ ಹೆಚ್ಚುಕಮ್ಮಿ 84ರಷ್ಟು ಸಾಮ್ಯ ಇದೆ, 3ಎ7 ಇನ್ನೂ ಹತ್ರ, ಮಾರುಕಟ್ಟೆಲಿರೋ ಎಷ್ಟೋ ಆಂಟಿಬಾಡಿಗಳು ಇವನ್ನ ಬೇರೆ ಮಾಡೋದೇ ಇಲ್ಲ. ಮನುಷ್ಯರ ಸ್ಯಾಂಪಲ್ಲಿನಲ್ಲಿ ಇದು ದೊಡ್ಡ ತಲೆನೋವು, ಯಾಕಂದ್ರೆ ಬಹಳ ಜನರಲ್ಲಿ 3ಎ5 ಜೀನಿನ ಸ್ಟಾರ್ 3 ಅನ್ನೋ ರೂಪ ಇದ್ದು ಆ ಪ್ರೋಟೀನ್ ಹೆಚ್ಚುಕಮ್ಮಿ ತಯಾರಾಗೋದೇ ಇಲ್ಲ, ಉಳಿದವರಲ್ಲಿ ಬೇಕಾದಷ್ಟು ಆಗ್ತದೆ, ಆಂಟಿಬಾಡಿ ಎರಡನ್ನೂ ಹಿಡಿದ್ರೆ ಒಬ್ಬರಿಗೊಬ್ಬರಿಗೆ ಇರೋ ವ್ಯತ್ಯಾಸ 3ಎ4ದ್ದೋ 3ಎ5ದ್ದೋ ಅಂತ ಬ್ಲಾಟ್ ನೋಡಿ ಹೇಳೋದು ಸಾಧ್ಯವೇ ಇಲ್ಲ. ನಿಮ್ಮದು ಇಲಿ, ಆದ್ರಿಂದ ಆ ಗೋಜು ಬಿಡಿ.

ಈಗ ರಿಫಾಂಪಿಸಿನ್. ಇದೇ ನಿಮ್ಮನ್ನ ಜಾಸ್ತಿ ಗೊಂದಲಕ್ಕೆ ಹಾಕಿದ್ದು ಅಂತ ಕಾಣ್ತದೆ, ಮತ್ತು ಇದ್ರಲ್ಲಿ ಆಂಟಿಬಾಡಿದು ಎಂತ ತಪ್ಪೂ ಇಲ್ಲ. 3ಎ ಜೀನುಗಳನ್ನ ಎಬ್ಬಿಸೋದು ಪಿಎಕ್ಸ್‌ಆರ್ ಅನ್ನೋ ರಿಸೆಪ್ಟರ್, 1998ರಲ್ಲಿ ಪತ್ತೆ ಆದದ್ದು. ಔಷಧಿ ಹೋಗಿ ಇದಕ್ಕೆ ಅಂಟಿಕೊಂಡ್ರೆ ಇದು ಹೋಗಿ ಜೀನನ್ನ ಆನ್ ಮಾಡ್ತದೆ. ಮಜಾ ಏನಂದ್ರೆ ಔಷಧಿ ಅಂಟಿಕೊಳ್ಳೋ ಜಾಗ ಪ್ರಾಣಿಯಿಂದ ಪ್ರಾಣಿಗೆ ಬದಲಾಗ್ತದೆ. ರಿಫಾಂಪಿಸಿನ್ ಮನುಷ್ಯರ ಪಿಎಕ್ಸ್‌ಆರ್‌ಗೆ ಹಿಡಿಸ್ತದೆ, ಮೊಲದ್ದಕ್ಕೂ ಹಿಡಿಸ್ತದೆ, ಇಲಿದಕ್ಕೆ ಹೇಳಿಕೊಳ್ಳೋ ಹಾಗೆ ಹಿಡಿಸೋದಿಲ್ಲ. ಟಿಬಿ ಮಾತ್ರೆ ಶುರು ಮಾಡಿದವರಿಗೆ ಗರ್ಭನಿರೋಧಕ ಮಾತ್ರೆ ಕೆಲಸ ಮಾಡೋದು ಕಮ್ಮಿ ಆಗ್ತದೆ, ವಾರ್ಫರಿನ್ ಡೋಸ್ ಏರಿಸ್ಬೇಕಾಗ್ತದೆ ಅಂತ ಡಾಕ್ಟರ್‌ಗಳು ಹೇಳ್ತಾರಲ್ಲ, ಅದು ಮನುಷ್ಯರ ಲಿವರ್ ಕಥೆ. ಇಲಿಗೆ ಬೇಕಾದ್ದು ಡೆಕ್ಸಾಮೆಥಸೋನ್ ಅಥವಾ ಪಿಸಿಎನ್, ಅಂದ್ರೆ ಪ್ರೆಗ್ನೆನೊಲೋನ್ ಕಾರ್ಬೋನೈಟ್ರೈಲ್. ಡೆಕ್ಸಾಮೆಥಸೋನ್ ಕಿಲೋಗೆ 50ರಿಂದ 100 ಮಿಲಿಗ್ರಾಂ ಲೆಕ್ಕದಲ್ಲಿ ಮೂರು ನಾಲ್ಕು ದಿನ ಕೊಡೋದು ಹಳೇ ಪದ್ಧತಿ, 3ಎ1 ಎದ್ದು ಕೂರ್ತದೆ. ಆದ್ರೆ ಹೊಸ ಇಲಿ ಅಂದ್ರೆ ಮತ್ತೆ ಎಥಿಕ್ಸ್ ಕಮಿಟಿ ಮುಂದೆ ಹೋಗಿ ನಿಲ್ಬೇಕು, ಆದ್ರಿಂದ ಮೊದ್ಲು ಬೇರೆ ಯಾವುದಾದ್ರೂ ಲ್ಯಾಬಲ್ಲಿ ಡೆಕ್ಸಾಮೆಥಸೋನ್ ಕೊಟ್ಟ ಇಲಿಯ ಮೈಕ್ರೋಸೋಮ್ ಮೈನಸ್ 80ರಲ್ಲಿ ಉಂಟಾ ಕೇಳಿ, ಒಂದು ಬ್ಲಾಟಿಗೆ ಬೇಕಾಗೋದು ಕೆಲವೇ ಮೈಕ್ರೋಗ್ರಾಂ, ಯಾರೂ ಇಲ್ಲ ಅನ್ನೋದಿಲ್ಲ. ಆ ಲೇನಲ್ಲಿ ನಿಮ್ಮ ಎರಡು ಬ್ಯಾಂಡಿನಲ್ಲಿ ಯಾವುದು ದಪ್ಪ ಆಗ್ತದೋ ಅದು 3ಎ. ಹಾಂ, ಇನ್ನೊಂದು. ಗಂಡು ಹೆಣ್ಣು ಇಲಿ ಬೆರೆಸಿಲ್ಲ ಅಲ್ವಾ? ದೊಡ್ಡ ಇಲಿಗಳಲ್ಲಿ 3ಎ2 ಗಂಡಿನಲ್ಲೇ ಜಾಸ್ತಿ, ಹೆಣ್ಣಿನಲ್ಲಿ ಬಹಳ ಕಮ್ಮಿ. ಬೆರೆಸಿದ್ರೆ ಬ್ಯಾಂಡಿನ ಏರಿಳಿತ ಮೆಣಸಿಂದಲ್ಲ, ಲಿಂಗದ್ದು.

ಎರಡು ಬ್ಯಾಂಡಿನ ವಿಷಯ. 3ಎ4 503 ಅಮೈನೋ ಆಸಿಡಿನ ಪ್ರೋಟೀನ್, ಲೆಕ್ಕಕ್ಕೆ 57 ಕಿಲೋಡಾಲ್ಟನ್, ಜೆಲ್ಲಿನಲ್ಲಿ ಸ್ವಲ್ಪ ಕೆಳಗೇ ಓಡ್ತದೆ, ಇಲಿಯ 3ಎಗಳೂ ಅದೇ ಸುತ್ತಮುತ್ತ. ಹಾಗಾಗಿ 55ರ ಹತ್ರ ಇರೋದು 3ಎ ಆಗಿರೋ ಸಾಧ್ಯತೆ ಉಂಟು. 50ರ ಹತ್ರ ಇರೋದ್ರ ಮೇಲೆ ನಂಗೆ ಅನುಮಾನ. ನಿಮ್ಮ ಪ್ರೈಮರಿ, ಅಂದ್ರೆ ಮೊದ್ಲು ಹಾಕೋ ಆಂಟಿಬಾಡಿ, ಮೌಸ್‌ದು, ಅದನ್ನ ಹಿಡಿದು ಬ್ಯಾಂಡ್ ಕಾಣಿಸೋ ಸೆಕೆಂಡರಿ ಆಂಟಿಬಾಡಿ ಆಂಟಿ-ಮೌಸ್. ಮೌಸ್ ಮತ್ತು ಇಲಿಯ ಐಜಿಜಿ (ರಕ್ತದಲ್ಲಿರೋ ಮಾಮೂಲಿ ಆಂಟಿಬಾಡಿ) ಎಷ್ಟು ಹತ್ತಿರದ ಸಂಬಂಧ ಅಂದ್ರೆ ಮಾಮೂಲಿ ಆಂಟಿ-ಮೌಸ್ ಸೆಕೆಂಡರಿ ಇಲಿಯ ಐಜಿಜಿಯನ್ನೂ ಹಿಡೀತದೆ. ಐಜಿಜಿಯ ದೊಡ್ಡ ತುಂಡು, ಅಂದ್ರೆ ಹೆವಿ ಚೈನ್, ಬರೋದು ಎಲ್ಲಿ? ಸರಿಯಾಗಿ 50ರ ಹತ್ರ. ಲಿವರ್ ಅಂದ್ರೆ ರಕ್ತ ತುಂಬಿದ ಸ್ಪಂಜು, ಕತ್ತರಿಸೋ ಮುಂಚೆ ಪೋರ್ಟಲ್ ವೇನ್‌ನಿಂದ ತಣ್ಣಗಿನ 1.15 ಪರ್ಸೆಂಟ್ ಪೊಟ್ಯಾಸಿಯಂ ಕ್ಲೋರೈಡ್ ಬಿಟ್ಟು ಲಿವರ್ ಬಿಳಿಚಿಕೊಳ್ಳೋ ತನಕ ತೊಳೀದೆ ಇದ್ರೆ ಆ ರಕ್ತದ ಐಜಿಜಿ ಎಲ್ಲ ಮೈಕ್ರೋಸೋಮ್ ಜೊತೆ ಬಂದುಬಿಡ್ತದೆ. ಮತ್ತೆ ಅದು ಮೆಣಸು ಕೊಟ್ರೂ ರಿಫಾಂಪಿಸಿನ್ ಕೊಟ್ರೂ ಬದಲಾಗೋದಿಲ್ಲ, ನಿಮಗೆ ಕಂಡ ಹಾಗೇ.

ಪತ್ತೆ ಮಾಡೋದು ಬಹಳ ಸುಲಭ. ಅವೇ ಸ್ಯಾಂಪಲ್ ಓಡಿಸಿದ ಹೊಸ ಮೆಂಬ್ರೇನಿಂದ ಒಂದು ಸ್ಟ್ರಿಪ್ ಕತ್ತರಿಸಿ ಪ್ರೈಮರಿ ಹಾಕದೆ ಬರೀ ಸೆಕೆಂಡರಿ ಹಾಕಿ ಡೆವಲಪ್ ಮಾಡಿ. 50ರ ಬ್ಯಾಂಡ್ ಆಗ್ಲೂ ಬಂತು ಅಂದ್ರೆ ಕೇಸು ಅಲ್ಲಿಗೆ ಮುಗೀತು. 25ರ ಹತ್ರ ಲೈಟ್ ಚೈನಿನ ಮಸುಕು ಗೆರೆ ಇದ್ರೆ ಇನ್ನೂ ಖಾತ್ರಿ. ಆಮೇಲೆ ಇಲಿಯ ಐಜಿಜಿ ವಿರುದ್ಧ ತೊಳೆದ, ಅಂದ್ರೆ ಕ್ರಾಸ್-ಅಡ್ಸಾರ್ಬ್ಡ್ ಸೆಕೆಂಡರಿ ತಗೊಳ್ಳಿ, ಪ್ರೈಮರಿಗೆ ಹೋಲಿಸಿದ್ರೆ ಅದು ಅಗ್ಗವೇ. ಜೆಲ್ 8ರಿಂದ 10 ಪರ್ಸೆಂಟ್ ಇಟ್ಟು ಸ್ವಲ್ಪ ಜಾಸ್ತಿ ಹೊತ್ತು ಓಡಿಸಿ, 12ರಲ್ಲಿ 50ಕ್ಕೂ 55ಕ್ಕೂ ನಡುವೆ ಬೆರಳು ಹಾಕೋಕೆ ಜಾಗ ಇರೋದಿಲ್ಲ.

ಲೋಡಿಂಗ್ ಕಂಟ್ರೋಲ್, ಅಂದ್ರೆ ಎಲ್ಲಾ ಲೇನಿಗೂ ಒಂದೇ ಅಳತೆ ಬಿದ್ದಿದೆ ಅಂತ ತೋರಿಸೋ ಪ್ರೋಟೀನ್, ಎಂತ ಹಾಕಿದ್ರಿ ಅಂತ ಬರೆದಿಲ್ಲ. ಬೀಟಾ ಆಕ್ಟಿನ್ ಹಾಕಿದ್ರೆ ಮೈಕ್ರೋಸೋಮಿಗೆ ಅದು ಅರ್ಥ ಇಲ್ಲದ್ದು, ಅದು ಸೈಟೋಸಾಲಿನ, ಅಂದ್ರೆ ಜೀವಕೋಶದ ದ್ರವ ಭಾಗದ ಪ್ರೋಟೀನ್, ಮೈಕ್ರೋಸೋಮಲ್ಲಿ ಉಳಿಯೋದು ತೊಳೆದದ್ದು ಎಷ್ಟು ಸರಿ ಇದೆ ಅನ್ನೋದ್ರ ಮೇಲೆ. ಮೈಕ್ರೋಸೋಮ್ ಬರೋದು ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಅನ್ನೋ ಪೊರೆಜಾಲದಿಂದ, ಅದರದ್ದೇ ಪ್ರೋಟೀನ್ ಬೇಕು, ಕ್ಯಾಲ್ನೆಕ್ಸಿನ್ ಒಳ್ಳೇದು, 90ರ ಹತ್ರ ಬರ್ತದೆ, ದೂರ ಇರ್ತದೆ. ಪಿಡಿಐ ಅಂತ ಕೆಲವರು ಹಾಕ್ತಾರೆ, ಅದು ಸರಿಯಾಗಿ 57ರ ಹತ್ರ ಬಂದು ನಿಮ್ಮ ಬ್ಯಾಂಡಿನ ತಲೆ ಮೇಲೇ ಕೂರ್ತದೆ, ಬೇಡ. ಎಂತದ್ದೂ ಇಲ್ಲದಿದ್ರೆ ಪೊನ್ಸೋ ಎಸ್ ಬಣ್ಣ ಹಾಕಿದ ಮೆಂಬ್ರೇನಿನ ಫೋಟೋ ಇಟ್ಕೊಳ್ಳಿ.

ಇನ್ನು ಮೆಣಸಿನ ಗುಂಪು. ಇಲ್ಲಿ ಸ್ವಲ್ಪ ನಿಧಾನ ಓದಿ, ನಿಮ್ಮ ಥೀಸಿಸಿನ ಬುಡ ಇರೋದು ಇಲ್ಲೇ. ನೀವು ಕೇಳ್ತಾ ಇರೋದು ಮೆಣಸು ಎಂಜೈಮನ್ನ ತಡೀತದಾ ಅಂತ. ಬ್ಲಾಟ್ ಹೇಳೋದು ಎಂಜೈಮ್ ಎಷ್ಟಿದೆ ಅಂತ. ಅಡಿಕೆ ಸುಲಿಯೋಕೆ ಅಂಗಳದಲ್ಲಿ ಎಷ್ಟು ಜನ ಕೂತಿದ್ದಾರೆ ಅಂತ ಎಣಿಸಿದ್ರೆ ಬೆಳಗಾಗೋದ್ರೊಳಗೆ ಎಷ್ಟು ಸುಲಿದ್ರು ಅಂತ ಗೊತ್ತಾಗೋದಿಲ್ಲ ಮಾರಾಯ್ರೇ, ಅರ್ಧ ಜನ ಮಾತಾಡ್ತಾ ಕೂತಿರ್ಬಹುದು. ಮೆಣಸಿನ ಖಾರದ ಅಂಶ ಪೈಪರಿನ್ ಮನುಷ್ಯರ ಲಿವರ್ ಮೈಕ್ರೋಸೋಮಿನಲ್ಲಿ 3ಎ4 ಕೆಲಸವನ್ನ ತಡೀತದೆ ಅಂತ 2002ರಲ್ಲೇ ಪ್ರಕಟ ಆಗಿದೆ, ಜೊತೆಗೆ ಪಿ-ಗ್ಲೈಕೋಪ್ರೋಟೀನ್ ಅನ್ನೋ ಪಂಪನ್ನೂ ತಡೀತದೆ ಅಂತ. ಅಲ್ಲಿ ಪ್ರೋಟೀನ್ ಎಲ್ಲೂ ಹೋಗಿಲ್ಲ, ಇದ್ದಲ್ಲೇ ಇದೆ, ಕೆಲಸ ನಿಂತಿದೆ ಅಷ್ಟೆ. ಪೈಪರಿನ್‌ನಲ್ಲಿ ಮೆಥಿಲೀನ್‌ಡೈಆಕ್ಸಿಫೀನೈಲ್ ಅಂತ ಒಂದು ಉಂಗುರ ಉಂಟು, ಈ ಜಾತಿಯ ಉಂಗುರ ಪಿ450ಗಳ, ಅಂದ್ರೆ ಸಿವೈಪಿ ಎಂಜೈಮುಗಳ, ಕಬ್ಬಿಣ ಇರೋ ಹೀಮ್‌ಗೆ ಹೋಗಿ ಅಂಟಿಕೊಳ್ಳೋದ್ರಲ್ಲಿ ಹೆಸರುವಾಸಿ. ಅಂಟಿಕೊಂಡ ಎಂಜೈಮನ್ನೂ ಎಸ್‌ಡಿಎಸ್ ಹಾಕಿ ಬಿಚ್ಚಿ ಜೆಲ್ಲಲ್ಲಿ ಓಡಿಸಿದ್ರೆ ಆಂಟಿಬಾಡಿಗೆ ಎರಡೂ ಒಂದೇ. ಇನ್ನೂ ಮುಂದಿನ ಮಾತು, 2013ರ ಒಂದು ಪೇಪರ್ ಪ್ರಕಾರ ಅದೇ ಪೈಪರಿನ್ ಮನುಷ್ಯರ ಪಿಎಕ್ಸ್‌ಆರ್ ಎಬ್ಬಿಸಿ 3ಎ4 ಜಾಸ್ತಿನೂ ಮಾಡ್ತದೆ. ತಡೆಯೋದೂ ಅದೇ, ಹುಟ್ಟಿಸೋದೂ ಅದೇ. ಬ್ಯಾಂಡ್ ಹಾಗೇ ಉಳಿದ್ರೂ ಒಳಗೆ ಎಂತೆಂತದೋ ನಡೆದಿರ್ಬಹುದು.

ಹಾಗಂತ ಆಂಟಿಬಾಡಿ ಯಾವ ಉಪಯೋಗಕ್ಕೂ ಇಲ್ಲ ಅಂತಲ್ಲ. ಗ್ರೇಪ್‌ಫ್ರೂಟ್ ಕಥೆ ಕೇಳಿರ್ಬಹುದು, ನಮ್ಮ ಚಕ್ಕೋತದ ಸಂಬಂಧಿ ಹಣ್ಣು. ಅದರ ಜ್ಯೂಸ್ ಕುಡಿದ್ರೆ ಫೆಲೋಡಿಪಿನ್ ಅನ್ನೋ ಬಿಪಿ ಮಾತ್ರೆ ರಕ್ತದಲ್ಲಿ ವಿಪರೀತ ಏರ್ತದೆ ಅಂತ 1991ರಲ್ಲಿ ಗೊತ್ತಾಯ್ತು. ಯಾಕೆ ಅಂತ ಬಿಡಿಸಿದ್ದು 1997ರಲ್ಲಿ, ಹತ್ತು ಜನ ಗಂಡಸರಿಗೆ ಆರು ದಿನ ಜ್ಯೂಸ್ ಕುಡಿಸಿ ಸಣ್ಣ ಕರುಳಿನ ಚೂರು ತೆಗೆದು ಬ್ಲಾಟ್ ಮಾಡಿದ್ರು, 3ಎ4 ಪ್ರೋಟೀನ್ 62 ಪರ್ಸೆಂಟ್ ಇಳಿದಿತ್ತು, ಎಂಆರ್‌ಎನ್‌ಎ ಮಾತ್ರ ಹಾಗೇ ಇತ್ತು, ಲಿವರ್‌ನ 3ಎ4 ಕೆಲಸವೂ ಹಾಗೇ ಇತ್ತು. ಜ್ಯೂಸಿನ ಫ್ಯುರಾನೊಕೌಮರಿನ್‌ಗಳು ಕರುಳಿನ ಎಂಜೈಮನ್ನ ಸರಿಪಡಿಸಲಾಗದ ಹಾಗೆ ಕೆಡಿಸಿ ಹಾಕ್ತಾವೆ, ಕೆಟ್ಟ ಪ್ರೋಟೀನನ್ನ ಜೀವಕೋಶ ಕರಗಿಸಿಬಿಡ್ತದೆ. ಆಂಟಿಬಾಡಿ ಇಲ್ಲದೆ ಬರೀ ಎಂಆರ್‌ಎನ್‌ಎ ಅಳೆಯೋ ಪಿಸಿಆರ್ ಮಾಡಿದ್ರೆ ಇದು ಗೊತ್ತೇ ಆಗ್ತಿರ್ಲಿಲ್ಲ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಆಂಟಿಬಾಡಿಯ ಅತ್ಯಂತ ಚಂದದ ಉಪಯೋಗ ಅದು. ನೋಡಿ, ಅಲ್ಲಿ ಪ್ರಶ್ನೆಯೇ ಪ್ರೋಟೀನ್ ಎಷ್ಟಿದೆ ಅನ್ನೋದಾಗಿತ್ತು, ಆದ್ರಿಂದ ಉತ್ತರ ಸಿಕ್ತು.

ನಿಮ್ಮ ಪ್ರಶ್ನೆಗೆ ಆಕ್ಟಿವಿಟಿ ಅಸ್ಸೇ, ಅಂದ್ರೆ ಎಂಜೈಮಿನ ಕೆಲಸ ಅಳೆಯೋ ಪರೀಕ್ಷೆ, ಬೇಕು. ದೊಡ್ಡ ಲ್ಯಾಬಲ್ಲಿ ಮಿಡಜೋಲಮ್ ಅಥವಾ ಟೆಸ್ಟೋಸ್ಟೆರೋನ್ ಹಾಕಿ ಎಲ್‌ಸಿ-ಎಂಎಸ್‌ನಲ್ಲಿ ನೋಡ್ತಾರೆ. ನಮ್ಮ ಜಿಲ್ಲೆಲಿ ಕೂತು ಅಷ್ಟೆಲ್ಲ ಬೇಡ, ಎರಿತ್ರೋಮೈಸಿನ್ ಡಿಮೆಥಿಲೇಸ್ ಅಂತ ಹಳೇ ಅಸ್ಸೇ ಉಂಟು, ಇಲಿಯ 3ಎಗೆ ಚೆನ್ನಾಗಿ ಒಪ್ತದೆ. ಮೈಕ್ರೋಸೋಮ್, ಎರಿತ್ರೋಮೈಸಿನ್, ಎನ್‌ಎಡಿಪಿಎಚ್ (ಎಂಜೈಮಿಗೆ ಎಲೆಕ್ಟ್ರಾನ್ ಒದಗಿಸೋದು) ಹಾಕಿ 37 ಡಿಗ್ರಿಲಿ ಇಡೋದು, ಎಂಜೈಮ್ ಒಂದು ಮಿಥೈಲ್ ಗುಂಪು ಕತ್ತರಿಸಿದ ಹಾಗೆಲ್ಲ ಫಾರ್ಮಾಲ್ಡಿಹೈಡ್ ಹುಟ್ತದೆ, ಅದನ್ನ ನ್ಯಾಶ್ ರಿಯೇಜೆಂಟ್ ಹಾಕಿ ಹಳದಿ ಬರಿಸಿ 412 ನ್ಯಾನೋಮೀಟರಿನಲ್ಲಿ ಓದೋದು. ಕಾಲೇಜಿನ ಮಾಮೂಲಿ ಸ್ಪೆಕ್ಟ್ರೋಫೋಟೋಮೀಟರ್ ಸಾಕು. ತಡೆಯೋದಕ್ಕೆ ಪಾಸಿಟಿವ್ ಕಂಟ್ರೋಲ್ ಕೀಟೊಕೊನಜೋಲ್.

ಆದ್ರೆ ಎಕ್ಸ್‌ಟ್ರಾಕ್ಟ್ ಕುಡಿಸಿದ ಇಲಿಗಳ ಮೈಕ್ರೋಸೋಮಿನಲ್ಲೇ ಇದನ್ನ ಮಾಡಿ ತಡೆ ಕಾಣ್ಲಿಲ್ಲ ಅಂತ ಮತ್ತೆ ಬೇಜಾರಾಗ್ಬೇಡಿ. ಹೋಗಿ ಬರೋ ಥರದ ತಡೆ, ಅಂದ್ರೆ ರಿವರ್ಸಿಬಲ್ ಇನ್ಹಿಬಿಶನ್, ಲಿವರ್ ಅರೆದು ಬಫರಲ್ಲಿ ತೊಳೆದು ಎರಡು ಸಲ ಸ್ಪಿನ್ ಮಾಡೋದ್ರೊಳಗೆ ತೊಳೆದೇ ಹೋಗಿರ್ತದೆ. ಇಲಿಗೆ ಕುಡಿಸಿ ಆಮೇಲೆ ಮೈಕ್ರೋಸೋಮ್ ನೋಡೋ ವಿನ್ಯಾಸದಲ್ಲಿ ಕಾಣೋದು ಪ್ರೋಟೀನ್ ಏರಿತಾ ಇಳೀತಾ, ಅಥವಾ ಶಾಶ್ವತವಾಗಿ ಕೆಟ್ಟಿತಾ, ಇಷ್ಟೇ. ತಡೆ ನೋಡ್ಬೇಕಂದ್ರೆ ಎಂತದ್ದೂ ಕೊಡದ ಕಂಟ್ರೋಲ್ ಇಲಿಯ ಮೈಕ್ರೋಸೋಮ್ ತಗೊಂಡು ಟ್ಯೂಬಲ್ಲೇ ಎಕ್ಸ್‌ಟ್ರಾಕ್ಟ್ ಹಾಕಿ, ಡೋಸ್ ಏರಿಸ್ತಾ ಹೋಗಿ. ಮೆಣಸಿನ ಎಕ್ಸ್‌ಟ್ರಾಕ್ಟಿಗೆ ತನ್ನದೇ ಬಣ್ಣ ಉಂಟು, ಪ್ರತಿ ಡೋಸಿಗೂ ಎನ್‌ಎಡಿಪಿಎಚ್ ಇಲ್ಲದ ಬ್ಲಾಂಕ್ ಇಡಿ. ಎಕ್ಸ್‌ಟ್ರಾಕ್ಟ್ ಕರಗಿಸೋ ಡಿಎಂಎಸ್‌ಒ ಕೂಡ ಪಿ450ಗಳನ್ನ ತಡೀತದೆ, ಆದಷ್ಟು ಕಮ್ಮಿ ಇರ್ಲಿ, ಅರ್ಧ ಪರ್ಸೆಂಟ್ ದಾಟೋದು ಬೇಡ, ಕಂಟ್ರೋಲ್ ಟ್ಯೂಬಿಗೂ ಅಷ್ಟೇ ಹಾಕಿ. ಮೊದ್ಲು ಹಾಗೇ, ಇನ್ನೊಮ್ಮೆ ಎಕ್ಸ್‌ಟ್ರಾಕ್ಟ್ ಮತ್ತು ಎನ್‌ಎಡಿಪಿಎಚ್ ಜೊತೆ ಅರ್ಧ ಗಂಟೆ ಇಟ್ಟು ಆಮೇಲೆ ಎರಿತ್ರೋಮೈಸಿನ್ ಹಾಕಿ. ಎರಡನೇದ್ರಲ್ಲಿ ತಡೆ ಜೋರಾದ್ರೆ ಮೇಲೆ ಹೇಳಿದ ಆ ಉಂಗುರದ ಕೈವಾಡ ಅಂತ ಅನುಮಾನಿಸೋಕೆ ಕಾರಣ ಸಿಗ್ತದೆ, ಒಂದು ಒಳ್ಳೇ ಅಧ್ಯಾಯವೂ ಸಿಗ್ತದೆ.

ಮೈಕ್ರೋಸೋಮ್ ಮಾಡೋಕೆ ಅಲ್ಟ್ರಾಸೆಂಟ್ರಿಫ್ಯೂಜ್ ಹುಡುಕ್ಕೊಂಡು ಪ್ರತಿ ಸಲ ಘಟ್ಟ ಹತ್ತಿಳಿಯೋದು ಕಷ್ಟ ಅಂದ್ರೆ ಕ್ಯಾಲ್ಸಿಯಂ ವಿಧಾನ ಉಂಟು. ಸಾಧಾರಣ ಒಂದು ಲಕ್ಷ ಜಿಯಲ್ಲಿ ಒಂದು ತಾಸು ತಿರುಗಿಸ್ಬೇಕಾದ್ದನ್ನ 8 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ 27 ಸಾವಿರ ಜಿಯಲ್ಲಿ ಕಾಲು ತಾಸಿಗೆ ಮುಗಿಸ್ಬಹುದು. ಎಲ್ಲಾ ಗುಂಪಿಗೂ ಒಂದೇ ವಿಧಾನ ಇರ್ಲಿ ಅಷ್ಟೆ. ಮಾಡಿದಮೇಲೆ ಕಾರ್ಬನ್ ಮೊನಾಕ್ಸೈಡ್ ಡಿಫರೆನ್ಸ್ ಸ್ಪೆಕ್ಟ್ರಮ್, ಅಂದ್ರೆ ಆ ಅನಿಲ ಬಿಟ್ಟಾಗ ಪಿ450 ಎಷ್ಟು ಬೆಳಕು ಹೀರ್ತದೆ ಅನ್ನೋ ಗ್ರಾಫ್ ತೆಗೀರಿ, ಪ್ರಮಾಣ ಲೆಕ್ಕ ಹಾಕೋಕೆ ಒಮುರಾ ಮತ್ತು ಸಾಟೋ 1964ರಲ್ಲಿ ಕೊಟ್ಟ 91 ಅನ್ನೋ ಗುಣಾಂಕ ಇವತ್ತಿಗೂ ನಡೀತದೆ. 450 ನ್ಯಾನೋಮೀಟರಿನಲ್ಲಿ ಶಿಖರ ಬಂದ್ರೆ ಎಂಜೈಮ್ ಜೀವಂತ, 420ಕ್ಕೆ ಜಾರಿದ್ರೆ ಕೆಟ್ಟಿದೆ ಅಂತ ಲೆಕ್ಕ. ಕೆಟ್ಟ ಸ್ಯಾಂಪಲ್ಲಲ್ಲೂ ಆಂಟಿಬಾಡಿ ಬ್ಯಾಂಡ್ ಚಂದವಾಗೇ ತೋರಿಸ್ತದೆ, ಹಾಗಾಗಿ ಆ ರಾತ್ರಿ ಕರೆಂಟ್ ಹೋದಾಗ ನಿಜವಾಗಿ ಚಿಂತೆ ಮಾಡ್ಬೇಕಾಗಿದ್ದು ಆಂಟಿಬಾಡಿ ಬಗ್ಗೆ ಅಲ್ಲ, ಮೈಕ್ರೋಸೋಮ್ ಬಗ್ಗೆ.

ಆಂಟಿಬಾಡಿ ಬಾಟ್ಲಿಲಿ 50 ಪರ್ಸೆಂಟ್ ಗ್ಲಿಸರಾಲ್ ಇದ್ರೆ ಮೈನಸ್ 20ರಲ್ಲೂ ಅದು ಗಟ್ಟಿ ಆಗೋದೇ ಇಲ್ಲ, ಒಂದು ರಾತ್ರಿ ಬೆಚ್ಚಗಾದ್ರೆ ಸಾಯೋದಿಲ್ಲ. ಗ್ಲಿಸರಾಲ್ ಇಲ್ಲದ್ದಾದ್ರೆ ಪದೇ ಪದೇ ಹೆಪ್ಪುಗಟ್ಟಿ ಕರಗೋದು ಕೆಟ್ಟದ್ದು, ಸಣ್ಣ ಸಣ್ಣ ಟ್ಯೂಬಿಗೆ ಹಂಚಿಡಿ, ತಾನಾಗೇ ಐಸ್ ಕರಗಿಸಿಕೊಳ್ಳೋ ಫ್ರಾಸ್ಟ್-ಫ್ರೀ ಫ್ರೀಜರಲ್ಲಿ ಇಡ್ಬೇಡಿ. ಡೈಲ್ಯೂಟ್ ಮಾಡಿದ ಪ್ರೈಮರಿ ಮತ್ತೆ ಮತ್ತೆ ಬಳಸೋಕೆ, ಕೆಡದ ಹಾಗೆ ಸೋಡಿಯಂ ಅಜೈಡ್ ಹಾಕ್ತೀರಿ ಅಂದ್ರೆ ಹಾಕಿ, ಆದ್ರೆ ಎಚ್‌ಆರ್‌ಪಿ (ಬ್ಯಾಂಡ್ ಕಾಣೋ ಹಾಗೆ ಮಾಡೋ ಎಂಜೈಮ್) ಅಂಟಿಸಿದ ಸೆಕೆಂಡರಿಗೆ ಮಾತ್ರ ಅದು ಸೋಕಬಾರದು, ಎಚ್‌ಆರ್‌ಪಿಯನ್ನ ಅಜೈಡ್ ಕೊಂದು ಹಾಕ್ತದೆ. ಮಳೆಗಾಲದಲ್ಲಿ ಕೊರಿಯರ್ ಬರೋದಿದ್ರೆ ಶುಕ್ರವಾರ ಕಳಿಸ್ಬೇಡಿ ಅಂತ ಮೊದ್ಲೇ ಹೇಳಿ, ದೇವಿಮನೆ ಘಟ್ಟದಲ್ಲಿ ಗುಡ್ಡ ಜರಿದ್ರೆ ಐಸ್ ಪ್ಯಾಕ್ ಯಾರಿಗೂ ಕಾಯೋದಿಲ್ಲ.

ನಿಮ್ಮ ಗೈಡ್ ಮನುಷ್ಯರ 3ಎ4 ಬೇಕೇ ಬೇಕು ಅಂದ್ರೆ ಪೂಲ್ಡ್ (ಹಲವರದ್ದು ಬೆರೆಸಿದ) ಹ್ಯೂಮನ್ ಲಿವರ್ ಮೈಕ್ರೋಸೋಮ್ ಒಂದು ಸಣ್ಣ ವಯಲ್ ತರಿಸಿ, ಜೊತೆಗೆ ರಿಕಾಂಬಿನಂಟ್ 3ಎ4 ಸಿಕ್ರೆ ಒಂದು ಲೇನಿಗೆ. ನಿಮ್ಮ ಆಂಟಿಬಾಡಿಗೂ ಅದು ನಿಜವಾದ ಪರೀಕ್ಷೆ. ಹೆಪ್‌ಜಿ2 ಸೆಲ್ ತಗೊಳ್ಳಿ ಅಂತ ಯಾರಾದ್ರೂ ಹೇಳಿದ್ರೆ ಒಪ್ಬೇಡಿ, ಅದು ಲಿವರ್ ಕ್ಯಾನ್ಸರ್ ಸೆಲ್ ಹೌದು, 3ಎ4 ಮಾತ್ರ ತೀರಾ ಕಮ್ಮಿ. ಹೆಪಾಆರ್‌ಜಿ ಅನ್ನೋ ಲಿವರ್ ಸೆಲ್ ಒಳ್ಳೇದು, ಆದ್ರೆ ಅದನ್ನ ಸಾಕೋದು ದುಬಾರಿ. 2016ರಲ್ಲಿ ಆಂಟಿಬಾಡಿ ಪರೀಕ್ಷೆಗೆ ಅಂತಾರಾಷ್ಟ್ರೀಯ ಗುಂಪೊಂದು ಐದು ದಾರಿ ಸೂಚಿಸಿತ್ತು, ಜೀನ್ ತೆಗೆದುಹಾಕಿ ನೋಡೋದು, ಬೇರೆ ವಿಧಾನದಿಂದ ಅಳೆದು ಹೋಲಿಸೋದು, ಅದೇ ಪ್ರೋಟೀನಿಗೆ ಇನ್ನೊಂದು ಆಂಟಿಬಾಡಿ ಹಾಕೋದು, ಹೀಗೆ. ನೀವು ಐದೂ ಮಾಡೋದು ಬೇಡ, ಡೆಕ್ಸಾಮೆಥಸೋನ್ ಲೇನ್ ಮತ್ತು ಎರಿತ್ರೋಮೈಸಿನ್ ಅಂಕಿ ಎರಡೂ ಒಂದೇ ದಿಕ್ಕಿಗೆ ಹೋದ್ರೆ ನಾನಾದ್ರೆ ಒಪ್ತೇನೆ.

ಮನೇಲಿ ಕೇಳಿದ್ರೆ ಹೇಳೋಕೆ ಒಂದು ಮಾತು, ಇಷ್ಟೆಲ್ಲ ಓದಿ ಕಾಳುಮೆಣಸಿನ ಕಷಾಯ ನಿಲ್ಲಿಸ್ಬೇಡಿ. ಗೇರುಸೊಪ್ಪೆಯ ಚೆನ್ನಭೈರಾದೇವಿನ ಪೋರ್ಚುಗೀಸರು ಮೆಣಸಿನ ರಾಣಿ ಅಂದ ಕಾಲಕ್ಕಿಂತ ಮುಂಚಿಂದ್ಲೂ ಈ ಕಡೆ ಜನ ಅದನ್ನ ತಿಂತಾ ಇದ್ದಾರೆ. ಸಾರಿಗೆ ಬೀಳೋ ನಾಲ್ಕು ಕಾಳು ಬೇರೆ, ಮಾತ್ರೆಲಿ ಬರೋ ಶುದ್ಧ ಪೈಪರಿನ್ ಬೇರೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ 2000 ಪರ್ಸೆಂಟ್ ಏರಿತ್ತು. ಅದ್ರಲ್ಲಿ ಮುಖ್ಯ ಪಾತ್ರ 3ಎದ್ದಲ್ಲ, ಗ್ಲುಕುರೊನೈಡ್ ಅಂಟಿಸೋ ಎಂಜೈಮ್‌ಗಳದ್ದು. ಥೀಸಿಸಿನ ಚರ್ಚೆ ಭಾಗದಲ್ಲಿ ಈ ಪೇಪರನ್ನ 3ಎ4ಗೆ ಸಾಕ್ಷಿ ಅಂತ ತೋರಿಸ್ಬೇಡಿ, ಬಹಳ ಜನ ತೋರಿಸ್ತಾರೆ. ನಿಮ್ಮ ಎಕ್ಸ್‌ಟ್ರಾಕ್ಟಿನಲ್ಲಿ ಪೈಪರಿನ್ ಎಷ್ಟಿದೆ ಅಂತ ಎಚ್‌ಪಿಎಲ್‌ಸಿ ಮಾಡಿಸಿದ್ದೀರಾ? ಅದಿಲ್ಲದೆ ಡೋಸ್ ಲೆಕ್ಕವೇ ಇಲ್ಲ, ತೋಟದಿಂದ ತೋಟಕ್ಕೆ, ಎಳೇ ಕಾಳಿಗೂ ಬಲಿತ ಕಾಳಿಗೂ ವ್ಯತ್ಯಾಸ ಆಗ್ತದೆ.

ಸೆಕೆಂಡರಿ ಮಾತ್ರ ಹಾಕಿದ ಸ್ಟ್ರಿಪ್ ಈ ವಾರವೇ ಮಾಡ್ಬಹುದು, ಅದಕ್ಕೆ ಖರ್ಚಿಲ್ಲ. ಅದರ ಫೋಟೋ ಬಂದಮೇಲೆ, ಎರಡೂ ಬ್ಯಾಂಡ್ ಮಾಯ ಆಯ್ತಾ ಒಂದೇ ಮಾಯ ಆಯ್ತಾ ನೋಡಿಕೊಂಡು, ಆಂಟಿಬಾಡಿಯ ಲಾಟ್ ನಂಬರ್ ಸಮೇತ ಕಂಪನಿಗೆ ಬರೆದು ಇಲಿಯ ಬ್ಲಾಟ್ ಇದ್ರೆ ಕಳಿಸಿ ಅಂತ ಕೇಳಿ.